ಎಲ್‌1 ಅಳೆಯಲು ರೇಡಿಯಂಟ್ ಚುರುಕು, ಆದರೆ ನನ್ನ ಓಟು ಸ್ಲೈಸರ್‌ಗೆ

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಮಾಡಿಸಲು ಶಿರಸಿ, ಕಾರವಾರದ ಕಡೆಯ ಎಷ್ಟೋ ಮಂದಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಬಸ್ಸು ಹತ್ತುತ್ತಾರೆ. ಕಿಡ್ನಿ ಕಲ್ಲಿಗೆಂದು ತೆಗೆಸಿದ ಸಿ.ಟಿ.ಯ ಸಿ.ಡಿ. ಕೈಯಲ್ಲಿದ್ದರೆ ಎಲ್‌1 (ಸೊಂಟದ ಭಾಗದ ಮೊದಲ ಬೆನ್ನುಮೂಳೆ) ಮೂಳೆಯ ಒಳಭಾಗದ ಸರಾಸರಿ ಎಚ್‌ಯು (ಸಿ.ಟಿ.ಯಲ್ಲಿ ದಟ್ಟತೆಯ ಅಳತೆ) ಅದರಲ್ಲೇ ಸಿಗುತ್ತದೆ. 120 ಕೆವಿ ಎಕ್ಸ್‌ರೇ ವೋಲ್ಟೇಜಿನಲ್ಲಿ, ಕಾಂಟ್ರಾಸ್ಟ್ ಔಷಧಿ ಇಲ್ಲದೆ ತೆಗೆದದ್ದಾದರೆ 110ರ ಕೆಳಗೆ ಆಸ್ಟಿಯೋಪೊರೋಸಿಸ್‌ನ (ಮೂಳೆ ಸವೆತದ) ಬಲವಾದ ಅನುಮಾನ, 160ರ ಮೇಲೆ ಸಾಧ್ಯತೆ ಕಡಿಮೆ. ನಡುವೆ ಬಂದವರಿಗೆ ಡೆಕ್ಸಾ ಬೇಕೇ ಬೇಕು.

ಸಿ.ಟಿ. ಚಿತ್ರ ನೋಡುವ ತಂತ್ರಾಂಶ ರೇಡಿಯಂಟ್‌ನಲ್ಲಿ ಸಿ.ಡಿ. ನೇರ ತೆರೆದು ಮೂಳೆಯ ಮೇಲೆ ಎಲಿಪ್ಸ್ (ಅಂಡಾಕೃತಿ) ಎಳೆದರೆ ಸರಾಸರಿ ಕಣ್ಣೆದುರಿಗೇ ಬರುತ್ತದೆ. ಆದರೆ ಅದು ಒಂದು ಸ್ಲೈಸಿನ (ಪದರದ) ಲೆಕ್ಕ, ಮೇಲಾಗಿ ಪರವಾನಗಿಗೆ ದುಡ್ಡು. ಅಂಥದೇ ಇನ್ನೊಂದು ತಂತ್ರಾಂಶ ಹೋರೋಸ್ ಮ್ಯಾಕ್ ಇದ್ದವರಿಗೆ ಮಾತ್ರ.

3ಡಿ ಸ್ಲೈಸರ್ ಪುಕ್ಕಟೆ, ವಿಂಡೋಸ್‌ಗೂ ಲಿನಕ್ಸ್‌ಗೂ ಸಿಗುತ್ತದೆ, ಮೂಳೆಯೊಳಗೆ ನಾವು ಇಡುವ ಗೋಲದ ಇಡೀ ಗಾತ್ರದ ಸರಾಸರಿ ಕೊಡುತ್ತದೆ. ಕಾಟ ಕೊಡುವುದು ಆ ಗೋಲ ಇಡುವ ಬ್ರಷ್. ಸೆಗ್ಮೆಂಟ್ ಎಡಿಟರ್‌ನ ಪೇಂಟ್‌ನಲ್ಲಿ ಬ್ರಷ್‌ನ ಅಳತೆ ಪರದೆಯ ಶೇಕಡಾ ಲೆಕ್ಕದಲ್ಲಿದ್ದರೆ ಝೂಮ್ ಮಾಡಿದಷ್ಟೂ ಮೂಳೆಯ ಮೇಲಿನ ಗೋಲ ಚಿಕ್ಕದಾಗುತ್ತದೆ, ಝೂಮ್ ತೆಗೆದರೆ ಹಿಗ್ಗಿ ಹೊರಗಿನ ಗಟ್ಟಿ ಕವಚಕ್ಕೆ ತಾಗುತ್ತದೆ. ಕವಚ ಸೇರಿತೋ, ಎಚ್‌ಯು ಸುಳ್ಳೇ ಏರಿ ಸವೆದ ಮೂಳೆಯೂ ಗಟ್ಟಿಯಾಗಿ ಕಾಣುತ್ತದೆ. ಒಂದೇ ರೋಗಿಯ ಹಳೆಯ ಮತ್ತು ಹೊಸ ಸ್ಕ್ಯಾನ್ ಹೋಲಿಸುವಾಗ ಇದು ಪೂರ್ತಿ ದಾರಿ ತಪ್ಪಿಸುತ್ತದೆ.

ಪರಿಹಾರ ಸಣ್ಣದು. ಡಯಾಮೀಟರ್ ಪಕ್ಕದ ಶೇಕಡಾ ಗುಂಡಿ ಒತ್ತಿ ಮಿ.ಮೀ.ಗೆ ಬದಲಿಸಿ, 12 ಮಿ.ಮೀ. ಇಡಿ. ‘ಸ್ಫಿಯರ್ ಬ್ರಷ್’ಗೆ ಟಿಕ್ ಹಾಕಿ. ಸ್ಯಾಜಿಟಲ್‌ನಲ್ಲಿ (ಪಕ್ಕದಿಂದ ಕಾಣುವ ಚಿತ್ರದಲ್ಲಿ) ಎಲ್‌1ರ ನಡು ಎತ್ತರ ಹಿಡಿದು, ಹಿಂಬದಿಯ ರಕ್ತನಾಳದ ಸೀಳು ಬಿಟ್ಟು, ಮುಂಭಾಗಕ್ಕೆ ಒಂದೇ ಕ್ಲಿಕ್. ಬಳಿಕ ಸೆಗ್ಮೆಂಟ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಅಪ್ಲೈ. ಮೃದು ಕರ್ನೆಲ್‌ನ (ಚಿತ್ರ ರಚಿಸುವ ಫಿಲ್ಟರ್‌ನ) ಸರಣಿಯನ್ನೇ ಆರಿಸಿ. ಬೋನ್ ಕರ್ನೆಲ್‌ನಲ್ಲಿ ಚಿತ್ರದ ಕಾಳುಕಾಳು (ನಾಯ್ಸ್) ಜಾಸ್ತಿ.

ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮ ಕಡೆ, ಗೋಲ ಇಟ್ಟ ಕೂಡಲೇ ಸೇವ್ ಮಾಡುವುದು ಒಳ್ಳೆಯದು. ಸ್ಲೈಸರ್‌ಗೆ ಸೇರಿಸಿಕೊಳ್ಳಬಹುದಾದ ಟೋಟಲ್‌ಸೆಗ್ಮೆಂಟೇಟರ್ ತಾನೇ ಮೂಳೆಗಳನ್ನು ಗುರುತಿಸುತ್ತದೆ, ಆದರೆ ಗ್ರಾಫಿಕ್ ಕಾರ್ಡಿಲ್ಲದ ಲ್ಯಾಪ್‌ಟಾಪಿನಲ್ಲಿ ಬಲು ನಿಧಾನ.

ಎಲ್‌1 ಈಗಾಗಲೇ ಕುಸಿದಿದ್ದರೆ ರೇಡಿಯಂಟ್, ಸ್ಲೈಸರ್ ಎರಡರಲ್ಲೂ ಅಲ್ಲಿ ಅಳೆಯಬೇಡಿ: ಒತ್ತಿಕೊಂಡ ಮೂಳೆ ದಟ್ಟವಾಗಿ ಕಾಣುತ್ತದೆ. ಅದರ ಮೇಲಿನ ಟಿ12 ಇಲ್ಲವೇ ಕೆಳಗಿನ ಎಲ್‌2ಗೆ ಹೋಗಿ. ಎತ್ತರ ಶೇ. 20ಕ್ಕಿಂತ ಹೆಚ್ಚು ಇಳಿದಿದ್ದರೆ ಅದೇ ಮುರಿತದ ಸೂಚನೆ, ಎಚ್‌ಯು ಎಷ್ಟೇ ಇರಲಿ. ಸ್ಲೈಸರ್‌ಗೆ ಚಿಕಿತ್ಸೆಗೆ ಬಳಸುವ ಅನುಮತಿ ಇಲ್ಲದ್ದರಿಂದ ಸಂಖ್ಯೆಯ ಜೊತೆ ಸ್ಯಾಜಿಟಲ್ ಚಿತ್ರವನ್ನೂ ರೇಡಿಯಾಲಜಿಸ್ಟ್ ಕೈಗೆ ಕೊಡಿ.