ಒಂದೇ ವರ್ಷದ ‘ನರ್ಸಿಂಗ್ ಡಿಪ್ಲೊಮಾ’ಕ್ಕೆ ಸೇರುವ ಮುಂಚೆ ಇದನ್ನು ಓದಿ

ಹನ್ನೆರಡನೇ ತರಗತಿವರೆಗೆ ವೃತ್ತಿಶಿಕ್ಷಣದಲ್ಲಿ ಹೆಲ್ತ್ ಕೇರ್ ಓದಿ, ಮುಂದೆ ನರ್ಸ್ ಆಗಬೇಕು ಅಂದುಕೊಂಡಿರುವ ಮಕ್ಕಳಿಗೆ ಮತ್ತು ಅವರ ಮನೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅವಳ ರಿಸಲ್ಟ್ ಬರುತ್ತಿದ್ದ ಹಾಗೇ ಒಂದು ಸಂಸ್ಥೆಯಿಂದ ಫೋನ್ ಬಂತು. ಒಂದು ವರ್ಷದ ನರ್ಸಿಂಗ್ ಡಿಪ್ಲೊಮಾ, ಮುಗಿಸಿದರೆ ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷಕ್ಕೆ ನೇರ ಸೀಟು ಅಂದರು. ಹೋಗಿ ನೋಡಿದರೆ ಆಫೀಸಿನ ಗೋಡೆ ತುಂಬಾ ಫ್ರೇಮ್ ಹಾಕಿದ ಸರ್ಟಿಫಿಕೇಟುಗಳು. ಐಎಸ್‌ಒ 9001 (ಸಂಸ್ಥೆ ನಡೆಸುವ ಕ್ರಮಕ್ಕೆ ಕೊಡುವ ಗುಣಮಟ್ಟದ ಸರ್ಟಿಫಿಕೇಟು), ಟ್ರಸ್ಟ್ ನೋಂದಣಿ, ಇನ್ನೂ ಏನೇನೋ. ಅಪ್ಪ ನಂಬಿದರು. ಫೀಸಿನ ಜೊತೆ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಇಟ್ಟುಕೊಂಡರು.

ಪಾಠ ನಡೆದದ್ದು ಕಡಿಮೆ. ಬಿಪಿ ನೋಡುವುದು, ಬೆಡ್ ಹಾಸುವುದು ಕಲಿಸಿದರು. ಆಮೇಲೆ ಪೋಸ್ಟಿಂಗ್ ಅಂತ ಒಂದು ನರ್ಸಿಂಗ್ ಹೋಮ್‌ಗೆ ಕಳಿಸಿದರು. ಅಲ್ಲಿ ಸಂಬಳವಿಲ್ಲದ ನೈಟ್ ಡ್ಯೂಟಿ. ಹೇಳಿಕೊಡಲು ಟೀಚರ್ ಇಲ್ಲ, ಇದ್ದೊಬ್ಬ ಸ್ಟಾಫ್ ನರ್ಸ್‌ಗೆ ಪುರುಸೊತ್ತಿಲ್ಲ. ಡ್ರಿಪ್ ಬದಲಾಯಿಸುವುದು, ಇಂಜೆಕ್ಷನ್ ಕೊಡುವುದು ಎಲ್ಲ ಈ ಹುಡುಗಿಯರ ಕೈಯಲ್ಲೇ. ರೋಗಿಗೆ ಏನಾದರೂ ಆಗಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕೋರ್ಸ್ ಮುಗಿದ ಮೇಲೆ ಒಂದು ನರ್ಸಿಂಗ್ ಕಾಲೇಜಿಗೆ ಹೋದೆವು. ಅಲ್ಲಿನ ಪ್ರಿನ್ಸಿಪಾಲ್ ಮೇಡಂ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಪರೀಕ್ಷೆ ನಡೆಸಿದ್ದು ಯಾವ ಬೋರ್ಡಮ್ಮಾ?’ ಅಂತ ಕೇಳಿದರು. ಬೋರ್ಡೇ ಇರಲಿಲ್ಲ. ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ಮಾಡಿ, ತಾವೇ ತಿದ್ದಿ, ತಾವೇ ಸೀಲ್ ಒತ್ತಿದ್ದರು. ಬಂಗಾರದ ಅಂಚಿನ ಆ ಕಾಗದದಲ್ಲಿ ‘ನರ್ಸಿಂಗ್’ ಅಂತ ದಪ್ಪಕ್ಷರ, ಪಕ್ಕದಲ್ಲಿ ‘ಅಸಿಸ್ಟೆಂಟ್’ ಅಂತ ಸಣ್ಣಕ್ಷರ. ಅಸಿಸ್ಟೆಂಟ್ ಕೆಲಸ ಖಂಡಿತ ಕೀಳಲ್ಲ. ಆದರೆ ಅದನ್ನೇ ನರ್ಸ್ ಕೋರ್ಸ್ ಅಂತ ಹೇಳಿ ದುಡ್ಡು ಕಿತ್ತದ್ದು ಮೋಸ.

ನಮ್ಮಲ್ಲಿ ನರ್ಸ್ ಆಗಿ ಕೆಲಸ ಮಾಡಲು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿ ಆಗಿರಬೇಕು. ಅದಕ್ಕೆ ಒಯ್ಯುವ ಕೋರ್ಸುಗಳು ಕೆಲವೇ: 2 ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸ್), 3 ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ), 4 ವರ್ಷದ ಬಿ.ಎಸ್ಸಿ. ಇದರಲ್ಲಿ ಒಂದು ವರ್ಷದ್ದು, ಆರು ತಿಂಗಳದ್ದು ಅಂತ ಯಾವುದೂ ಇಲ್ಲ. ಬಿ.ಎಸ್ಸಿ. ಎರಡನೇ ವರ್ಷಕ್ಕೆ ನೇರ ಸೀಟು ಅನ್ನುವುದಂತೂ ಶುದ್ಧ ಸುಳ್ಳು. ಬಿ.ಎಸ್ಸಿ.ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಲೇಬೇಕು. ವೃತ್ತಿಶಿಕ್ಷಣದಿಂದ ಬಂದ ಮಕ್ಕಳಿಗೆ ತೊಡಕಾಗುವುದೇ ಇದು, ಏಜೆಂಟರು ಹಿಡಿದುಕೊಳ್ಳುವುದೂ ಇದನ್ನೇ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಮಾನ್ಯತೆ ಇರುವ ಬೋರ್ಡಿನಲ್ಲಿ ಹೆಲ್ತ್ ಕೇರ್ ವೃತ್ತಿಶಿಕ್ಷಣವನ್ನು ಇಂಗ್ಲಿಷ್ ಜೊತೆ ಓದಿ ಶೇ 40 ಅಂಕ ತೆಗೆದವರು ಜಿಎನ್‌ಎಂ ಸೇರಲು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮದಲ್ಲೇ ಅವಕಾಶ ಇದೆ. ಅದು ಮುಗಿದು ನೋಂದಣಿ ಆದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಒಟ್ಟು 5 ವರ್ಷ. ಜಾಸ್ತಿ ಅನ್ನಿಸಬಹುದು, ಆದರೆ ಮೂರನೇ ವರ್ಷಕ್ಕೇ ಕೈಯಲ್ಲಿ ಕೆಲಸ ಸಿಗುವಂಥ ಓದು ಇರುತ್ತದೆ. ತಂಗಿ ಈಗ ಜಿಎನ್‌ಎಂ ಓದುತ್ತಿದ್ದಾಳೆ. ಮೊದಲೇ ಯಾರಾದರೂ ಹೇಳಿದ್ದರೆ ಅವಳ ಒಂದು ವರ್ಷ ಉಳಿಯುತ್ತಿತ್ತು ಅಲ್ವಾ?

ಸೇರುವ ಮುಂಚೆ ಎರಡೇ ಪ್ರಶ್ನೆ ಕೇಳಿ. ಪರೀಕ್ಷೆ ನಡೆಸುವವರು ಯಾರು? ಮುಗಿದ ಮೇಲೆ ಕೌನ್ಸಿಲ್‌ನಲ್ಲಿ ಏನಂತ ನೋಂದಣಿ ಆಗುತ್ತದೆ? ಕರ್ನಾಟಕದಲ್ಲಿ ಜಿಎನ್‌ಎಂಗೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಇದೆ. ಐಎಸ್‌ಒ ಸರ್ಟಿಫಿಕೇಟಿಗೂ ನರ್ಸಿಂಗ್ ಮಾನ್ಯತೆಗೂ ಸಂಬಂಧವೇ ಇಲ್ಲ. ಅವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಿ ಅನ್ನಿ. ಆಮೇಲೆ ಕಾಲೇಜಿನ ಹೆಸರು ಹೇಳಿ ಕೌನ್ಸಿಲ್ ಆಫೀಸಿನಲ್ಲೇ ವಿಚಾರಿಸಿ.

ಈಗಾಗಲೇ ಇಂಥ ಕಡೆ ಸೇರಿಬಿಟ್ಟಿದ್ದರೆ ಮುಂದಿನ ಕಂತು ಕಟ್ಟುವುದನ್ನು ನಿಲ್ಲಿಸಿ, ಮೊದಲು ಮಾರ್ಕ್ಸ್ ಕಾರ್ಡ್ ವಾಪಸ್ ಕೊಡಿ ಅಂತ ಲಿಖಿತವಾಗಿ ಕೇಳಿ. ಕಟ್ಟಿದ ಫೀಸಿನ ರಸೀದಿಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತವೆ.