ಬ್ರೈಟನ್: ಮರಳಿಲ್ಲದ ಕಡಲತೀರದಲ್ಲಿ ಎರಡು ದಿನ

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿಯಾದ ಬ್ರೈಟನ್ನಿಗೆ ಸಮುದ್ರಸ್ನಾನದ ಆಸೆಯಿಂದ ಹೊರಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು: ಅಲ್ಲಿನ ದಂಡೆಯಲ್ಲಿ ಮರಳಿಲ್ಲ. ಇಳಿತದ ಹೊತ್ತಿನಲ್ಲಿ ನೀರಂಚಿಗೆ ತುಸು ಮರಳು ಕಂಡರೆ ಕಂಡಿತು, ಉಳಿದದ್ದೆಲ್ಲ ಉರುಟುಕಲ್ಲು. ಬರಿಗಾಲಿನಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಸಾಕೆನಿಸುತ್ತದೆ. ಆದರೆ ಅಲೆ ಹಿಂದೆ ಸರಿಯುವಾಗ ಆ ಕಲ್ಲುಗಳೆಲ್ಲ ಒಟ್ಟಿಗೆ ಉರುಳುವ ಸದ್ದು, ದೊಡ್ಡ ಮೊರದಲ್ಲಿ ಕಾಳು ಕೇರಿದಂಥ ಆ ಸದ್ದು, ಕೇಳಿದಷ್ಟೂ ಬೇಸರವಾಗಲಿಲ್ಲ. ನಾನು ತಂಗಿದ್ದ ಹೋಟೆಲಿನವರು ಸಮುದ್ರ ಕಾಣುವ ಕೋಣೆಯೆಂದು ಹೆಚ್ಚು ಹಣ ಪಡೆದಿದ್ದರು. ಕಿಟಕಿಯಿಂದ ಕತ್ತು ಚಾಚಿದರೆ ಎರಡು ಹೊಗೆಗೂಡುಗಳ ನಡುವೆ ಪಂಚೆಯ ಅಂಚಿನಷ್ಟು ನೀಲಿ ಕಂಡದ್ದು ನಿಜ.

ಮೀನುಗಾರರ ಊರಾಗಿದ್ದ ಈ ಜಾಗ ವಿಹಾರಧಾಮವಾದದ್ದು ಒಬ್ಬ ವೈದ್ಯನಿಂದ. ಸಮುದ್ರದ ನೀರಿನಿಂದ ಗ್ರಂಥಿರೋಗಗಳು ವಾಸಿಯಾಗುತ್ತವೆ ಎಂದು ರಿಚರ್ಡ್ ರಸೆಲ್ 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧ ಪ್ರಕಟಿಸಿದ. ಅವನು ಹೇಳಿದ್ದು ಸ್ನಾನ ಮಾತ್ರವಲ್ಲ, ಆ ಉಪ್ಪುನೀರನ್ನು ಕುಡಿಯಲೂಬೇಕಿತ್ತು. ಕಾಯಿಲೆಯವರ ಹಿಂದೆ ಸಿರಿವಂತರು ಬಂದರು, 1783ರಲ್ಲಿ ಮುಂದೆ ನಾಲ್ಕನೆಯ ಜಾರ್ಜ್ ಆಗಲಿದ್ದ ಯುವರಾಜ ಬಂದ, 1841ರಲ್ಲಿ ರೈಲು ಬಂದ ಮೇಲೆ ಲಂಡನ್ನಿನ ಜನಸಾಮಾನ್ಯರೂ ಬಂದರು. 1899ರಲ್ಲಿ ತೆರೆದ ಪ್ಯಾಲೇಸ್ ಪಿಯರ್ ಎಂಬ ಸಮುದ್ರಸೇತುವೆ ಇಂದಿಗೂ ಅವರಿಗಾಗಿಯೇ ಇದೆ. ಜಾತ್ರೆಯ ತೊಟ್ಟಿಲು, ನಾಣ್ಯ ನುಂಗುವ ಯಂತ್ರ, ಕರಿದ ತಿಂಡಿಯ ವಾಸನೆ. ಅರ್ಧ ಗಂಟೆ ಧಾರಾಳವಾಯಿತು. ಅದರ ಪಕ್ಕದಿಂದ ಹೊರಡುವ, ಮ್ಯಾಗ್ನಸ್ ವೋಕ್ 1883ರಲ್ಲಿ ಆರಂಭಿಸಿದ ಪುಟ್ಟ ವಿದ್ಯುತ್ ರೈಲು ಮಾತ್ರ ಬಿಡಬಾರದ್ದು. ಇಂದಿಗೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲಿ ಜಗತ್ತಿನಲ್ಲೇ ಹಳೆಯದೆಂಬ ಹೆಗ್ಗಳಿಕೆಯನ್ನು ಹೊತ್ತು, ಯಾವ ಅವಸರವೂ ಇಲ್ಲದೆ, ದಂಡೆಯುದ್ದಕ್ಕೂ ಕಿರುಗುಟ್ಟುತ್ತ ಸಾಗುತ್ತದೆ. ಚಳಿಗಾಲದಲ್ಲಿ ಅದಕ್ಕೆ ರಜೆ.

ಭಾರತದಿಂದ ಹೋದವರಿಗೆ ಬ್ರೈಟನ್ ತಟ್ಟುವುದು ಬೇರೆ ಕಡೆಯಲ್ಲಿ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದು, ಐರ್ಲೆಂಡ್ ಮತ್ತು ಲಂಡನ್ನುಗಳನ್ನು ದಾಟಿ ಬಂದ ಶೇಖ್ ದೀನ್ ಮಹಮ್ಮದ್ ಇಲ್ಲಿನ ಕಡಲತಡಿಯಲ್ಲಿ ಗಿಡಮೂಲಿಕೆಯ ಹಬೆಸ್ನಾನದ ಜೊತೆಗೆ ಮೈ ತಿಕ್ಕುವ ಸ್ನಾನಗೃಹವೊಂದನ್ನು ನಡೆಸುತ್ತಿದ್ದ. ಒತ್ತುವುದು, ತಿಕ್ಕುವುದು ಎಂಬರ್ಥದ ಹಿಂದಿಯ ‘ಚಾಂಪೋ’ ಇಂಗ್ಲಿಷಿನಲ್ಲಿ ‘ಶಾಂಪೂ’ ಆದದ್ದು ಈ ಬಗೆಯ ತಿಕ್ಕುವಿಕೆಯಿಂದಲೇ. ನಾವು ಅಭ್ಯಂಜನವೆಂದರೆ ಬೇಗ ಅರ್ಥವಾದೀತು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳಿಬ್ಬರಿಗೂ ಅವನು ‘ಶಾಂಪೂ ವೈದ್ಯ’ನಾದ. 1851ರಲ್ಲಿ ತೀರಿಕೊಂಡ ಅವನ ಸಮಾಧಿ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿದೆ.

ಅದೇ ಜಾರ್ಜನ ವಿಲಾಸಗೃಹ ರಾಯಲ್ ಪೆವಿಲಿಯನ್. ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ ಮುಂದಿನ ಏಳೆಂಟು ವರ್ಷಗಳಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟ. ಹೊರಗೆ ಮೊಘಲರ ಗುಮ್ಮಟ, ಮಿನಾರು. ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಚೀನಾ. ಔತಣದ ಸಭಾಂಗಣದ ಗುಮ್ಮಟದೊಳಗೆ ತಾಮ್ರದ ಬಾಳೆಎಲೆಗಳು ಹರಡಿಕೊಂಡಿವೆ, ಅವುಗಳ ಕೆಳಗಿಂದ ರೆಕ್ಕೆ ಬಿಚ್ಚಿದ ಡ್ರ್ಯಾಗನ್ ಒಂದು ಟನ್ನಿನಷ್ಟು ತೂಕದ ದೀಪಗುಚ್ಛವನ್ನು ಉಗುರಿನಲ್ಲಿ ಹಿಡಿದು ತೂಗಾಡಿಸುತ್ತಿದೆ. ಊಟಕ್ಕೆ ಕುಳಿತವರ ಮುಂದೆ ಇರಬೇಕಾದ ಬಾಳೆಎಲೆ ನೆತ್ತಿಯ ಮೇಲಿರುವುದನ್ನು ಕಂಡು ನಗು ತಡೆಯಲಾಗಲಿಲ್ಲ. ಅಡುಗೆಮನೆಯ ಕಬ್ಬಿಣದ ಕಂಬಗಳ ತುದಿಗೂ ತಾಮ್ರದ ತಾಳೆಗರಿಗಳಿವೆ. ಇದನ್ನೆಲ್ಲ ವಿಕ್ಟೋರಿಯಾ ರಾಣಿ ಮೆಚ್ಚಲಿಲ್ಲ. 1850ರಲ್ಲಿ ಅರಮನೆ 53,000 ಪೌಂಡಿಗೆ ಊರಿನ ಪಾಲಾಯಿತು.

ಈ ಮಾರಾಟದ ವರ್ಷವನ್ನು ನೆನಪಿನಲ್ಲಿಟ್ಟುಕೊಂಡು, ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಆಸ್ಪತ್ರೆಯ ಬಗ್ಗೆ ಇರುವ ಕೋಣೆಗೆ ಹೋಗಬೇಕು. 1914ರ ಕೊನೆಯಿಂದ 1916ರ ಆರಂಭದವರೆಗೆ ಫ್ರಾನ್ಸಿನಲ್ಲಿ ಗಾಯಗೊಂಡ ನಮ್ಮವರನ್ನು ಇದೇ ದೀಪಗುಚ್ಛಗಳ ಕೆಳಗೆ ಮಲಗಿಸಿದ್ದರು. ಆಗಿನ ದೊರೆ ಐದನೆಯ ಜಾರ್ಜ್ ತನ್ನ ಅರಮನೆಯನ್ನೇ ಬಿಟ್ಟುಕೊಟ್ಟ ಎಂದು ಸಾರಿದರೂ, ಅದು ದೊರೆಯದಾಗಿ ಉಳಿಯದೆ ಅರವತ್ತಕ್ಕೂ ಹೆಚ್ಚು ವರ್ಷಗಳೇ ಕಳೆದಿದ್ದವು. ಜಾತಿ, ಧರ್ಮಗಳ ಆಚಾರ ಕೆಡದಂತೆ ಒಂಬತ್ತು ಅಡುಗೆಮನೆಗಳು, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿ. ಇಷ್ಟೆಲ್ಲ ಉಪಚಾರದ ನಡುವೆಯೂ ಊರಿನಲ್ಲಿ ಮನಬಂದಂತೆ ಓಡಾಡುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ನಾಲ್ಕನೆಯ ಜಾರ್ಜನ ಮೋಜಿಗೆ ಅಷ್ಟೊಂದು ಸಭಾಂಗಣಗಳಿರುವಾಗ ಈ ಕತೆಗೆ ಸಣ್ಣ ಕೋಣೆಯೊಂದು ಸಾಲದೆಂಬುದೇ ಪೆವಿಲಿಯನ್ನಿನ ಮೇಲೆ ನನ್ನ ದೂರು.

ತೀರಿಕೊಂಡವರಲ್ಲಿ ಮುಸ್ಲಿಮರನ್ನು ವೋಕಿಂಗ್‌ನ ಶಾಹ್ ಜಹಾನ್ ಮಸೀದಿಯ ಬಳಿ ಹೂಳಿದರು. 53 ಮಂದಿ ಹಿಂದೂ ಮತ್ತು ಸಿಖ್ ಸೈನಿಕರನ್ನು ಬ್ರೈಟನ್ನಿನ ಅಂಚಿನ ಪ್ಯಾಚಮ್ ಊರಿನ ಮೇಲಿನ ಗುಡ್ಡದಲ್ಲಿ ದಹನ ಮಾಡಿದರು. ಅಲ್ಲಿ 1921ರ ಫೆಬ್ರವರಿ 1ರಂದು ಅನಾವರಣಗೊಂಡ ಬಿಳಿ ಅಮೃತಶಿಲೆಯ ಸ್ಮಾರಕದ ಹೆಸರು ‘ಛತ್ರಿ’. ಎಂಟು ಕಂಬ, ಮೇಲೊಂದು ಗುಮ್ಮಟ, ಚಿತೆಯ ಕಟ್ಟೆಗಳಿದ್ದಲ್ಲಿ ಮೂರು ಗ್ರಾನೈಟ್ ಚಪ್ಪಡಿಗಳು. ಹತ್ತಿರದಲ್ಲಿ ಸತ್ತವರ ಹೆಸರುಗಳನ್ನು ಕೆತ್ತಿದ ಕಲ್ಲೂ ಇದೆ, ಒಂದೊಂದಾಗಿ ಓದಿದೆ. ಛತ್ರಿಯ ಬುಡದವರೆಗೆ ವಾಹನದ ರಸ್ತೆಯಿಲ್ಲ, ಹುಲ್ಲುಗಾವಲಿನಲ್ಲಿ ಅರ್ಧ ಗಂಟೆ ಏರಬೇಕು, ಮಳೆ ಬಂದಿದ್ದರೆ ಜಾರುತ್ತದೆ. ಮೇಲೆ ಅಂಗಡಿಯಾಗಲಿ ಟಿಕೆಟ್ಟಾಗಲಿ ಇಲ್ಲ. ಒಂದೇ ದಿನಕ್ಕೆ ಬರುವವರು ಪಿಯರನ್ನು ಬಿಟ್ಟು, ಬೆಳಿಗ್ಗೆ ಪೆವಿಲಿಯನ್ ನೋಡಿ, ಮಧ್ಯಾಹ್ನ ನೀರಿನ ಬಾಟಲಿಯೊಂದನ್ನು ಹಿಡಿದು ಇಲ್ಲಿಗೆ ಹತ್ತಿದರೆ, ದೂರದಲ್ಲಿ ಊರೂ ಅದರಾಚೆಗೆ ಸಮುದ್ರವೂ ಒಟ್ಟಿಗೇ ಕಾಣುತ್ತವೆ.