ಅತ್ತೆಯ ಕಿವಿಗೆ ನಾಲ್ಕು ಕ್ರಿಸ್‌ಮಸ್ ಜಾಝ್ ಆಲ್ಬಂಗಳು

ಕೆಳಗಿನ ಮನೆಯ ಮಂಗಳೂರಿನವರು ಪ್ರತಿ ಡಿಸೆಂಬರ್‌ನಲ್ಲಿ ನಮಗೆ ತಟ್ಟೆ ತುಂಬ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ, ಕಳುಹಿಸುತ್ತಾರೆ. ಆ ಋಣಕ್ಕೆ ಹಬ್ಬದ ಹಿಂದೆಮುಂದೆ ಒಂದು ದಿನ ಅವರನ್ನು ಊಟಕ್ಕೆ ಕರೆಯುವುದು ರೂಢಿ. ಮನೆಯಲ್ಲಿ ಜಾಝ್ ಕೇಳುವವನು ನಾನೊಬ್ಬನೇ ಆದ್ದರಿಂದ ಆ ರಾತ್ರಿಯ ಸಂಗೀತ ನನ್ನ ಪಾಲಿಗೆ ಬರುತ್ತದೆ. ಒಂದು ವರ್ಷ ‘ಕ್ರಿಸ್‌ಮಸ್ ಜಾಝ್’ ಎಂದು ಮೊಬೈಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕಿದ್ದನ್ನೇ ಹಾಕಿಬಿಟ್ಟೆ. ಎರಡು ಗಂಟೆ ಹೋಟೆಲಿನ ಲಿಫ್ಟ್‌ನೊಳಗೆ ಕುಳಿತು ಊಟ ಮಾಡಿದಂತಾಯಿತು. ಮುಂದಿನ ವರ್ಷ ಹಾಗಾಗಬಾರದೆಂದು ನಾಲ್ಕು ಆಲ್ಬಂ ಆರಿಸಿ, ನಾಲ್ಕು ಸಂಜೆ, ಒಂದೇ ಸ್ಪೀಕರ್‌ನಲ್ಲಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತಿಗೇ ಹಾಕಿ ನೋಡಿದೆ.

ತೀರ್ಪುಗಾರರು ನಮ್ಮ ಅತ್ತೆ. ಕಾನ್ವೆಂಟ್ ಶಾಲೆಯಲ್ಲಿ ಓದಿದವರು. ಕ್ಯಾರಲ್‌ಗಳ ಧಾಟಿ ಅವರಿಗೆ ಈಗಲೂ ಬಾಯಿಪಾಠ. ಜಾಝ್ ಮಾತ್ರ ಗಂಧಗಾಳಿ ಇಲ್ಲ. ಈ ಪರೀಕ್ಷೆಗೆ ಬೇಕಾದದ್ದು ಇಂಥ ಕಿವಿಯೇ. ಎಲ್ಲರಿಗೂ ಗೊತ್ತಿರುವ ಹಾಡನ್ನು ಕಲಾವಿದ ಇದ್ದಂತೆಯೇ ನುಡಿಸಿದರೆ ಅದರಲ್ಲಿ ಜಾಝ್ ಇರುವುದಿಲ್ಲ. ಪೂರ್ತಿ ಕಳಚಿಹಾಕಿದರೆ ಕ್ರಿಸ್‌ಮಸ್ ಇರುವುದಿಲ್ಲ. ಅತ್ತೆಗೆ ಹಾಡಿನ ಗುರುತು ಎಲ್ಲಿಯವರೆಗೆ ಸಿಗುತ್ತದೆ, ಎಲ್ಲಿ ತಪ್ಪಿಹೋಗುತ್ತದೆ ಎಂಬುದೇ ನನ್ನ ಅಳತೆಗೋಲು.

ಮೊದಲ ಸಂಜೆ ಪಿಯಾನೋ ವಾದಕ ವಿನ್ಸ್ ಗ್ವರಾಲ್ಡಿಯ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’. 1965ರ ಡಿಸೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ಮಕ್ಕಳ ವ್ಯಂಗ್ಯಚಿತ್ರ ಕಾರ್ಯಕ್ರಮದ ಸಂಗೀತ ಇದು. ಪಿಯಾನೋ, ಮಂದ್ರದನಿಯ ಬಾಸ್, ಡ್ರಮ್, ಅಲ್ಲಲ್ಲಿ ಚರ್ಚ್ ಗಾಯನವೃಂದದ ಮಕ್ಕಳು; ಇಷ್ಟೇ. ಮೊದಲ ಹಾಡು ‘ಓ ಟಾನೆನ್‌ಬೌಮ್’ ಪಿಯಾನೋದಲ್ಲಿ ತಾಳವಿಲ್ಲದೆ, ಯಾರೋ ಪಕ್ಕದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿರುವಂತೆ ಶುರುವಾಗುತ್ತದೆ. ಅತ್ತೆ ಕೂಡಲೇ ಗುರುತಿಸಿದರು. ಆಮೇಲೆ ಬಾಸ್ ಸೇರಿಕೊಳ್ಳುತ್ತದೆ, ಡ್ರಮ್ ಮೇಲೆ ಬ್ರಷ್ ಸವರತೊಡಗುತ್ತದೆ, ಹಾಡು ಹಗುರವಾಗಿ ತೂಗಲು ಆರಂಭಿಸುತ್ತದೆ. ಧಾಟಿ ಕೈಬಿಟ್ಟು ಎಷ್ಟೋ ಹೊತ್ತಾಗಿದ್ದರೂ ಅತ್ತೆಯ ತಲೆ ಆಡುತ್ತಲೇ ಇತ್ತು. ಜಾಝ್ ಎಂದರೇನು ಎಂದು ಯಾರಿಗಾದರೂ ಐದು ನಿಮಿಷದಲ್ಲಿ ತಿಳಿಸಬೇಕಾದರೆ ನಾನು ಹಾಕುವುದು ಇದನ್ನೇ.

ಆದರೆ ಇದು ಸಂತೋಷದ ಆಲ್ಬಂ ಎಂದು ಜನ ಹೇಳುವುದೇಕೋ ನನಗೆ ಅರ್ಥವಾಗಿಲ್ಲ. ‘ಕ್ರಿಸ್‌ಮಸ್ ಟೈಮ್ ಈಸ್ ಹಿಯರ್’ ಕೇಳಿ ನೋಡಿ: ಮಾತೆಲ್ಲ ಸಂಭ್ರಮದ್ದು, ಸ್ವರಗಳದ್ದು ಊರಿಗೆ ಹೋಗಲಾಗದವರ ಮನಸ್ಸು. ಮಕ್ಕಳು ಒಂದೆರಡು ಕಡೆ ಶ್ರುತಿಯಿಂದ ಕೂದಲೆಳೆಯಷ್ಟು ಜಾರುತ್ತಾರೆ. ತಿದ್ದದೆ ಬಿಟ್ಟದ್ದು ಒಳ್ಳೆಯದಾಯಿತು. ಎಂಟನೇ ತರಗತಿಯ ನನ್ನ ಮಗಳು ಮಾತ್ರ “ಇವರಿಗೆ ಹಾಡಲು ಬರುವುದಿಲ್ಲ” ಎಂದು ಎದ್ದುಹೋದಳು. ನಿಜವಾದ ದೋಷ ಬೇರೆ. ಈ ಸಂಗೀತದಲ್ಲಿ ಖಾಲಿ ಜಾಗ ಬಹಳ. ಕುಕ್ಕರ್ ಮೂರನೇ ಸಲ ಕೂಗಿದಾಗ ಗ್ವರಾಲ್ಡಿ ಪೂರ್ತಿ ಮುಳುಗಿದ. ಎಂಟು ಜನ ಮಾತಾಡುವ ಊಟದ ಮನೆಗೆ ಇದು ನಿಲ್ಲುವುದಿಲ್ಲ.

ಎರಡನೆಯದು ಆಸ್ಕರ್ ಪೀಟರ್ಸನ್‌ರ 1995ರ ಆಲ್ಬಂ. ಕೆನಡಾದ ಈ ಪಿಯಾನೋ ವಾದಕ ವೇಗಕ್ಕೆ ಹೆಸರಾದವರು. 1993ರಲ್ಲಿ ಪಾರ್ಶ್ವವಾಯು ಬಡಿದು ಎಡಗೈ ದುರ್ಬಲವಾಯಿತು. ಅದಾದ ಎರಡು ವರ್ಷಕ್ಕೆ ಬಂದದ್ದು ಇದು. ಇಲ್ಲೊಂದು ನೇರ ಹೋಲಿಕೆಗೆ ಅವಕಾಶ ಸಿಕ್ಕಿತು. ‘ವಾಟ್ ಚೈಲ್ಡ್ ಈಸ್ ದಿಸ್’, ಅಂದರೆ ‘ಗ್ರೀನ್‌ಸ್ಲೀವ್ಸ್’ ಎಂಬ ಹಳೆಯ ಇಂಗ್ಲಿಷ್ ಧಾಟಿ, ಎರಡೂ ಆಲ್ಬಂಗಳಲ್ಲಿದೆ. ಬೆನ್ನುಬೆನ್ನಿಗೆ ಹಾಕಿದೆ. ಗ್ವರಾಲ್ಡಿ ಅದನ್ನು ತನ್ನಷ್ಟಕ್ಕೆ ತಾನು ಯೋಚಿಸುತ್ತ ನುಡಿಸುತ್ತಾನೆ. ಪೀಟರ್ಸನ್ ಎದುರಿಗೆ ಕುಳಿತವರಿಗೆ ಬಡಿಸುವಂತೆ ನುಡಿಸುತ್ತಾರೆ. ಸುತ್ತ ಗಿಟಾರ್, ವೈಬ್ರಫೋನ್, ತಂತಿವಾದ್ಯಗಳ ದೊಡ್ಡ ಬಳಗವೂ ಇದೆ. ಆ ತಂತಿವಾದ್ಯಗಳ ಬಗ್ಗೆಯೇ ನನ್ನ ತಕರಾರು. ಕೇಕಿನ ಮೇಲಿನ ಐಸಿಂಗ್ ಕೇಕಿಗಿಂತ ದಪ್ಪವಾಯಿತು. ಆದರೆ ‘ಸೈಲೆಂಟ್ ನೈಟ್’ ಬಂದಾಗ ಅತ್ತೆ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ ಮೂರೂ ಚರಣ ಹಾಡಿದರು. ಅವರ ಲೆಕ್ಕದಲ್ಲಿ ಗೆದ್ದದ್ದು ಇದೇ.

ಮೂರನೆಯ ಸಂಜೆಯ ಗಾಯಕಿ ಎಲಾ ಫಿಟ್ಜೆರಾಲ್ಡ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಏಕೆಂದರೆ ಅಲ್ಲಿ ತಪ್ಪು ಹುಡುಕುವುದೇ ಕಷ್ಟ. ‘ಎಲಾ ವಿಶಸ್ ಯೂ ಎ ಸ್ವಿಂಗಿಂಗ್ ಕ್ರಿಸ್‌ಮಸ್’, 1960. ಹಿಮ, ಜಾರುಬಂಡಿ, ಹಿಮದ ಗೊಂಬೆ ಎಂದು ಹಾಡಿದ್ದೆಲ್ಲ ಅಮೆರಿಕದ ನಡುಬೇಸಿಗೆಯಲ್ಲಿ ಧ್ವನಿಮುದ್ರಣವಾದದ್ದು. ಆದ್ದರಿಂದ ಬೆಂಗಳೂರಿನಲ್ಲಿ ಫ್ಯಾನ್ ಹಾಕಿಕೊಂಡು ಕೇಳುವವರು ಸಂಕೋಚಪಡಬೇಕಾಗಿಲ್ಲ. ‘ಜಿಂಗಲ್ ಬೆಲ್ಸ್’ ಹಾಡನ್ನು ಆಕೆ ಎಳೆದಾಡುತ್ತಾರೆ, ಪದಗಳ ಜೊತೆ ಚೇಷ್ಟೆ ಮಾಡುತ್ತಾರೆ; ಆದರೂ ಅದು ಯಾವ ಹಾಡು ಎಂಬ ಅನುಮಾನ ಒಂದು ಕ್ಷಣವೂ ಬರುವುದಿಲ್ಲ. ಕುಕ್ಕರ್, ಮಿಕ್ಸರ್, ಮಗಳ ಫೋನ್ ಮಾತು, ಎಲ್ಲವನ್ನೂ ದಾಟಿಕೊಂಡು ಆ ಕಂಠ ಬಂತು. ಕೊಳ್ಳುವವರು ವರ್ಷ ನೋಡಿಕೊಳ್ಳಿ: 1967ರಲ್ಲಿ ಆಕೆಯ ಇನ್ನೊಂದು ಕ್ರಿಸ್‌ಮಸ್ ಆಲ್ಬಂ ಬಂತು, ಅದು ಶುದ್ಧ ಭಕ್ತಿಗೀತೆ, ಚೇಷ್ಟೆ ಇಲ್ಲ.

ಕೊನೆಯದು ಜಾಝ್ ವಾದ್ಯವೃಂದದ ನಾಯಕ ಡ್ಯೂಕ್ ಎಲಿಂಗ್ಟನ್ ಮತ್ತು ಅವರ ಜೊತೆಗಾರ ಸಂಯೋಜಕ ಬಿಲ್ಲಿ ಸ್ಟ್ರೇಹಾರ್ನ್ ಸೇರಿ 1960ರಲ್ಲಿ ಮಾಡಿದ ‘ದಿ ನಟ್‌ಕ್ರ್ಯಾಕರ್ ಸ್ವೀಟ್’. ಇದರ ಮೂಲ, ಕ್ರಿಸ್‌ಮಸ್ ರಾತ್ರಿಯ ಕತೆ ಹೇಳುವ ರಷ್ಯಾದ ಚೈಕೋವ್‌ಸ್ಕಿಯ ಬ್ಯಾಲೆ ನೃತ್ಯನಾಟಕ, 1892ರದು. ಅದರಲ್ಲಿ ಸಕ್ಕರೆ ಮಿಠಾಯಿಯ ಯಕ್ಷಿಯೊಬ್ಬಳು ಸೆಲೆಸ್ಟಾ ಎಂಬ ಗೆಜ್ಜೆದನಿಯ ವಾದ್ಯಕ್ಕೆ ತುದಿಗಾಲಲ್ಲಿ ಕುಣಿಯುತ್ತಾಳೆ. ಇವರಿಬ್ಬರು ಆ ಗೆಜ್ಜೆ ಕಿತ್ತು, ಧಾಟಿಯನ್ನು ಸ್ಯಾಕ್ಸೊಫೋನ್‌ಗೆ ಕೊಟ್ಟು, ನಡಿಗೆ ನಿಧಾನ ಮಾಡಿ ‘ಶುಗರ್ ರಮ್ ಚೆರಿ’ ಎಂದು ಹೆಸರಿಟ್ಟರು. ಈಗ ಅವಳು ಯಕ್ಷಿಯಲ್ಲ. ರಾತ್ರಿ ಒಂದು ಗಂಟೆಗೆ ಮನೆಗೆ ಹೊರಟ, ಆತುರವೇನೂ ಇಲ್ಲದ ಹೆಂಗಸು. ಪಾಲ್ ಗೊನ್ಸಾಲ್ವೆಸ್ ಊದುವ ಸ್ಯಾಕ್ಸೊಫೋನ್‌ಗೆ ಉಸಿರಿನ ಬಿಸಿ ಇದೆ. ಸ್ವರ ಒಂದೂ ಕಳೆದಿಲ್ಲ, ಅರ್ಥ ಪೂರ್ತಿ ಬದಲಾಗಿದೆ. ಧಾಟಿಯನ್ನು ಮುರಿಯದೆಯೇ ಹೀಗೆ ಬೇರೆ ಮಾಡಿದ್ದನ್ನು ಉಳಿದ ಮೂರರಲ್ಲಿ ನಾನು ಕೇಳಲಿಲ್ಲ.

ಅತ್ತೆ ಮುಖ ಸಿಂಡರಿಸಿದರು. “ಇದು ನಮ್ಮ ಕದ್ರಿ ಗೋಪಾಲನಾಥರ ವಾದ್ಯವಲ್ಲವೇ? ಇವರಿಗೇನು ನಿದ್ದೆ ಬಂದಿದೆಯೇ?” ಎಂದರು. ಬ್ಯಾಲೆಯ ಮೂಲ ಅವರಿಗೆ ಗೊತ್ತಿಲ್ಲದ್ದರಿಂದ ಗುರುತಿಸಲು ಅಲ್ಲೇನೂ ಇರಲಿಲ್ಲ. ನನ್ನ ಅಳತೆಗೋಲು ಇಲ್ಲಿ ಮುರಿಯಿತು. ಸುಮಾರು ಅರ್ಧ ಗಂಟೆಯ ಆಲ್ಬಂ. ನಾನು ಎರಡು ಸಲ ಕೇಳಿದೆ.

ಸ್ಪರ್ಧೆಯ ಹೊರಗಿನದೊಂದು ಇದೆ: ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ 1962ರಲ್ಲಿ ಮುದ್ರಿಸಿದ ‘ಬ್ಲೂ ಎಕ್ಸ್‌ಮಸ್’. ಹಬ್ಬದ ಹೆಸರಿನ ದುರಾಸೆಯನ್ನು ಬಾಬ್ ಡೊರೊ ಹಲ್ಲು ಕಚ್ಚಿ ಹಾಡುತ್ತಾರೆ. ಉಡುಗೊರೆ ಕೊಳ್ಳಲು ಮಾಲ್‌ಗೆ ಹೋಗಿ ಬಂದ ಸಂಜೆ ಒಬ್ಬರೇ ಕೇಳಿ. ನೆಂಟರೆದುರು ಬೇಡ.

ಊಟದ ರಾತ್ರಿ ಅವರು ಬಂದು ಕೂರುವಾಗ ಪೀಟರ್ಸನ್, ಎಲೆ ಹಾಕಿದ ಮೇಲೆ ಎಲಾ. ಕೆಳಗಿನ ಮನೆಯ ಹಿರಿಯರು ಪಾಯಸದ ಹೊತ್ತಿಗೆ ಬೆರಳಲ್ಲಿ ಮೇಜು ತಟ್ಟುತ್ತಿದ್ದರು. ಎಲ್ಲರೂ ಹೊರಟ ಮೇಲೆ ಪಾತ್ರೆ ತೊಳೆಯುತ್ತ ‘ಶುಗರ್ ರಮ್ ಚೆರಿ’ ಹಾಕಿಕೊಂಡೆ. ಅರ್ಧ ನಿಮಿಷವೂ ಆಗಿರಲಿಲ್ಲ, ಕೋಣೆಯಿಂದ ಅತ್ತೆಯ ದನಿ ಬಂತು: “ಅಡುಗೆಮನೆ ಬಾಗಿಲು ಸ್ವಲ್ಪ ಹಾಕಿಕೊಳ್ಳಿ.”